ಕೂಲಿಯಿಲ್ಲದವರ ಚೆಕ್‌ರೋಲ್

2025ರ ಜನವರಿಯ ಒಂದು ಬೆಳಿಗ್ಗೆ. ರೊಬಸ್ಟಾ ಕಾಫಿಯ ಕೊಯ್ಲು ಇನ್ನೂ ಮುಗಿದಿರಲಿಲ್ಲ. ಕಣದಲ್ಲಿ ಹಣ್ಣು ಹರವಿ, ಕೈಕಾಲು ತೊಳೆದು ಒಳಗೆ ಹೋಗಬೇಕು ಅನ್ನುವಷ್ಟರಲ್ಲಿ ಅಂಗಳದ ತುದಿಯಲ್ಲಿ ಒಬ್ಬರು ನಿಂತಿರುವುದು ಕಂಡಿತು. ನಲವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು ಬಂದಿದ್ದರು. ಕುಶಾಲನಗರದಲ್ಲಿ ಪಿಕಪ್ ಓಡಿಸುತ್ತೇನೆ ಅಂದರು. ಕಾಫಿ ಕುಡೀರಿ ಅಂದರೆ ಆಮೇಲೆ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಅಕ್ಕ, ನಾನು ಹುಟ್ಟಿದ ದಿನ ನಿಮ್ಮ ಮನೇಲಿದೆಯಂತೆ. ಹೌದಾ?"

ಅಜ್ಜಿ ತೀರಿಕೊಂಡು ಮೂರನೆಯ ವರ್ಷ ನಡೆಯುತ್ತಿತ್ತು. ಅವಳು ಹೋದ ಮೇಲೆ ಇಂಥ ಪ್ರಶ್ನೆ ಹಿಡಿದು ಬಂದವರಲ್ಲಿ ಇವರು ಮೊದಲಿಗರಲ್ಲ. ಇದ್ದರೂ ಇರಬಹುದು, ಕೂತ್ಕೊಳ್ಳಿ ಅಂದೆ. ಟ್ರಂಕು ಅಟ್ಟದಲ್ಲಿತ್ತು. ಏಣಿ ತಂದು, ಮೇಲಿನ ಗೋಣಿ ಸರಿಸಿ, ಅದನ್ನು ಕೆಳಗಿಳಿಸಲು ಇಬ್ಬರೂ ಕೈ ಕೊಡಬೇಕಾಯಿತು. ಅಷ್ಟು ಭಾರ.

ಆ ಟ್ರಂಕಿನ ಬಗ್ಗೆ ಬರೆಯಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಅವಳ ಬಗ್ಗೆ ಮಾತೆತ್ತಿದರೆ ಸುತ್ತಿನವರೆಲ್ಲ ಹೇಳುವುದು ಒಂದೇ: ಪುಣ್ಯಾತ್ಗಿತ್ತಿ, ಲೈನ್ ಮಕ್ಕಳಿಗೆ (ತೋಟದ ಕೂಲಿಯವರ ಸಾಲುಮನೆಯ ಮಕ್ಕಳಿಗೆ) ಜೀವ ತೇದಳು. ಮಾತು ನಿಜ. ಆದರೆ ಹೇಗೆ ತೇದಳು, ದಿನ ಬೆಳಗಾದರೆ ಏನು ಮಾಡುತ್ತಿದ್ದಳು ಅನ್ನುವುದು ಆ ಮಾತಿನಲ್ಲಿ ಸಿಗುವುದಿಲ್ಲ. ಅದು ಟ್ರಂಕಿನಲ್ಲಿದೆ.

ನನ್ನ ಅಜ್ಜ ಸುಂಟಿಕೊಪ್ಪದಿಂದ ಮಾದಾಪುರದ ಕಡೆಗಿರುವ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಕೊಡಗಿನ ಹೊರಗಿನವರಿಗಾಗಿ ಹೇಳುತ್ತೇನೆ, ತೋಟದಲ್ಲಿ ರೈಟರ್ ಅಂದರೆ ಲೆಕ್ಕ ಬರೆಯುವವನು. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಹಣ್ಣಿನ ತೂಕ, ಬಟವಾಡೆಯ ದಿನ ಕೂಲಿ ಮತ್ತು ಹೆಬ್ಬೆಟ್ಟು. ಹಾಜರಿಯ ಉದ್ದನೆಯ ಪುಸ್ತಕಕ್ಕೆ ಚೆಕ್‌ರೋಲ್ ಅನ್ನುತ್ತಾರೆ. ಎಡಗಡೆ ಹೆಸರು, ಮುಂದೆ ತಿಂಗಳ ಮೂವತ್ತೊಂದು ಮನೆ. ಗಂಡಾಳು ಮೇಲೆ, ಹೆಣ್ಣಾಳು ಕೆಳಗೆ. ಆ ಪುಸ್ತಕದಲ್ಲಿ ಹೆಸರಿದ್ದರೆ ಮನುಷ್ಯ ತೋಟದಲ್ಲಿ ಇದ್ದಾನೆ ಅಂತ ಲೆಕ್ಕ, ಇಲ್ಲದಿದ್ದರೆ ಇಲ್ಲ.

ಅಜ್ಜಿ ಶನಿವಾರಸಂತೆ ಕಡೆಯವಳು. ಏಳನೆಯ ತರಗತಿಯವರೆಗೆ ಓದಿದ್ದಳು. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದದ್ದು ಮುಗಿದು, 1956ರಲ್ಲಿ ಮೈಸೂರಿಗೆ ಸೇರಿ, ಎರಡು ವರ್ಷವಾಗಿದ್ದಾಗ ಮದುವೆಯಾಗಿ ಈ ಎಸ್ಟೇಟಿಗೆ ಬಂದಳು. ಆಗ ಹದಿನೇಳು ವರ್ಷ. ರೈಟರ ಕ್ವಾರ್ಟರ್ಸಿನ ಹಿಂಭಾಗಕ್ಕೆ ನಿಂತರೆ ಇಳಿಜಾರಿನಲ್ಲಿ ಲೈನ್ ಮನೆಗಳ ಸಾಲು. ಹೆಂಚಿನ ಒಂದೇ ಉದ್ದನೆಯ ಸೂರು, ಒಂದೊಂದು ಸಂಸಾರಕ್ಕೆ ಒಂದು ಕೋಣೆ, ಮುಂದೆ ಗೇಣುದ್ದದ ಜಗುಲಿ. ಎರವರು, ಕುರುಬರು ಅನ್ನುವ ಬುಡಕಟ್ಟಿನವರು, ತಮಿಳರು, ತುಳುವರು, ಮಲಯಾಳಿಗಳು. ಒಂದೇ ಜಗುಲಿಯಲ್ಲಿ ಐದು ಭಾಷೆ ಕೇಳುತ್ತಿತ್ತಂತೆ. ಬೆಳಿಗ್ಗೆ ದೊಡ್ಡವರೆಲ್ಲ ಕೆಲಸಕ್ಕೆ ಹೋದ ಮೇಲೆ ಮಾತ್ರ ಒಂದೇ ಭಾಷೆ, ಅಳು. "ಅದಕ್ಕೆ ಅರ್ಥ ಹೇಳೋರು ಬೇಕಿರಲಿಲ್ಲ" ಅನ್ನುತ್ತಿದ್ದಳು.

ಐವತ್ತು ಅಥವಾ ಅದಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ಹೇಳುತ್ತಿತ್ತು. ಅಜ್ಜಿ ಬಂದಾಗ ಅಲ್ಲಿ ಇದ್ದದ್ದು ಒಂದು ತಗಡಿನ ಶೆಡ್ಡು, ಅರ್ಧ ಗೊಬ್ಬರದ ಚೀಲ, ಅರ್ಧ ಮಕ್ಕಳು, ಕಣ್ಣು ಸರಿ ಕಾಣದ ಒಬ್ಬ ಮುದುಕಿ ಆಯಾ. ಆ ಮುದುಕಿ ಕಾಯಿಲೆ ಬಿದ್ದ ವಾರ ಅಜ್ಜಿ "ನಾಲ್ಕು ದಿನ ನೋಡಿಕೊಳ್ತೀನಿ" ಅಂತ ಹೋದಳು. ಹಾಗೆ ಹೋದವಳು ಮೂವತ್ತೆಂಟು ವರ್ಷ ಹಿಂತಿರುಗಲಿಲ್ಲ.

ಅಲ್ಲಿ ಮಾಡಿದ ಮೊದಲ ಕೆಲಸ ಗೊಬ್ಬರದ ಚೀಲ ಹೊರಗೆ ಹಾಕಿಸಿದ್ದು. ಎರಡನೆಯದು, ಅಜ್ಜನ ಹತ್ತಿರ ಉಳಿದಿದ್ದ ಹಳೆಯ ಚೆಕ್‌ರೋಲ್ ಪುಸ್ತಕವೊಂದನ್ನು ಕೇಳಿ ತಂದು, ಮಕ್ಕಳ ಹೆಸರು ಬರೆಯಲು ಕೂತದ್ದು.

ಹೆಸರು ಬರೆದಾಯಿತು. ವಯಸ್ಸು ಅಂತ ಒಂದು ಕಾಲಂ ಎಳೆದಿದ್ದಳು. ಅಲ್ಲಿಗೆ ಬಂದಾಗ ಕೈ ನಿಂತಿತು. ಹುಟ್ಟಿದ್ದು ಯಾವಾಗ ಅಂತ ಕೇಳಿದರೆ ತಾಯಂದಿರು ತಾರೀಕು ಹೇಳುತ್ತಿರಲಿಲ್ಲ, ಅವರ ಬದುಕಿನಲ್ಲಿ ತಾರೀಕಿಗೆ ಜಾಗವಿರಲಿಲ್ಲ. ಆದರೆ ದಿನ ಮರೆತಿರಲಿಲ್ಲ. ಯಾವ ತಾಯಿಯೂ ಮರೆಯುವುದಿಲ್ಲ ಅನ್ನುವುದು ಅಜ್ಜಿಗೆ ಅಲ್ಲಿಯೇ ಗೊತ್ತಾಯಿತು. "ಹೂಮಳೆ ಬಂದು ತೋಟ ಬೆಳ್ಳಗಾಗಿತ್ತು, ಸಂತೆಯ ಮಾರನೇ ದಿನ" ಅನ್ನುವಳು ಒಬ್ಬಳು. "ಕಕ್ಕಡದಲ್ಲಿ, ಮದ್ದು ಸೊಪ್ಪಿನ ಪಾಯಸ ಮಾಡಿದ ರಾತ್ರಿ" ಇನ್ನೊಬ್ಬಳು. "ಹುತ್ತರಿಗೆ ಕದಿರು ತೆಗೆದು ಕೋವಿ ಸದ್ದು ಕೇಳಿದಾಗ ನೋವು ಶುರುವಾಯ್ತು." "ಆನೆ ಬಾಳೆ ತಿಂದು ಹೋದ ದಿನ."

ಇದನ್ನು ಕೇಳಿ ನಕ್ಕು ಬಿಡುವವರು ಇದ್ದರು. ಅಜ್ಜಿ ಇವನ್ನೇ ಹಿಡಿದುಕೊಂಡಳು.

ಕೊಡಗಿನ ತೋಟಗಳಲ್ಲಿ ಮಳೆ ಅಳೆದು ಬರೆದಿಡುವ ರೂಢಿ ಬಹಳ ಹಳೆಯದು. ಬೆಳಿಗ್ಗೆ ಎದ್ದ ಕೂಡಲೇ ಮಾಪಕದ ನೀರನ್ನು ಗಾಜಿನ ಕೊಳವೆಗೆ ಸುರಿದು ಇಷ್ಟು ಇಂಚು, ಇಷ್ಟು ಸೆಂಟು (ಇಂಚಿನ ನೂರರಲ್ಲಿ ಒಂದು ಪಾಲು) ಅಂತ ಬರೆಯುವುದು. ಇಂದಿಗೂ ನಮ್ಮ ಕಡೆ ಇಬ್ಬರು ಸಿಕ್ಕರೆ ಮೊದಲ ಮಾತು ನಿಮ್ಮಲ್ಲಿ ಎಷ್ಟು ಸೆಂಟು ಬಂತು ಅಂತಲೇ. ಎಸ್ಟೇಟಿನ ಮಳೆಪುಸ್ತಕ ಬರೆಯುತ್ತಿದ್ದವರು ಅಜ್ಜ. ಕಾಫಿಗೆ ಫೆಬ್ರವರಿ, ಮಾರ್ಚಿನ ಮೊದಲ ಮಳೆಯೇ ಜೀವ. ಒಂದು ಇಂಚಿನ ಸುತ್ತ ಬಿದ್ದರೆ ಮೊಗ್ಗು ಊದಿಕೊಂಡು ಎಂಟೊಂಬತ್ತು ದಿನಕ್ಕೆ ಒಮ್ಮೆಗೇ ಅರಳುತ್ತದೆ, ಎರಡು ಮೂರು ದಿನ ಗುಡ್ಡವೆಲ್ಲ ಮಲ್ಲಿಗೆಯಂಥ ಪರಿಮಳ, ಆಮೇಲೆ ಕಂದಿ ಉದುರುತ್ತದೆ. ಅಂದಮೇಲೆ ತೋಟ ಬೆಳ್ಳಗಾಗಿದ್ದ ದಿನ ಯಾವುದು ಅಂತ ಹುಡುಕುವುದು ಕಷ್ಟವಲ್ಲ. ಮಳೆಪುಸ್ತಕದಲ್ಲಿ ಹೂಮಳೆ ಮಾರ್ಚ್ 11ಕ್ಕೆ ಅಂತಿದ್ದರೆ ಹೂವು 19, 20ಕ್ಕೆ. ಅದರಲ್ಲಿ ಸಂತೆಯ ಮಾರನೆಯ ದಿನ ಯಾವುದು ನೋಡಿದರೆ ಆಯಿತು. ಮಗು ಹುಟ್ಟಿದ ದಿನ ಸಿಕ್ಕಿತು.

ಕಕ್ಕಡದ ಮದ್ದು ಸೊಪ್ಪಿನದು ಇನ್ನೂ ಸುಲಭ. ಕಕ್ಕಡ ಅಂದರೆ ಕರ್ಕಾಟಕ ಮಾಸ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಅದರ ಹದಿನೆಂಟನೆಯ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದಿನ ಗುಣ ಸೇರುತ್ತದೆ ಅನ್ನುವ ನಂಬಿಕೆಯಿಂದ, ಅದನ್ನು ಕುದಿಸಿದ ನೇರಳೆ ನೀರಿನಲ್ಲಿ ಪಾಯಸ ಮಾಡುತ್ತಾರೆ. ಅದು ಆಗಸ್ಟ್ ಮೊದಲ ವಾರಕ್ಕೇ ಬರುತ್ತದೆ, ಹೆಚ್ಚೆಂದರೆ ಒಂದು ದಿನ ಆಚೀಚೆ. ಹುತ್ತರಿಗೆ ಹಳೆಯ ಪಂಚಾಂಗ. ಆನೆ ಬಂದ ದಿನಕ್ಕೆ ಅಜ್ಜನ ನಷ್ಟದ ಲೆಕ್ಕ. ಸಾಕ್ಷಿ ಎಲ್ಲ ಆಫೀಸಿನ ಬೀರುವಿನಲ್ಲಿಯೇ ಬಿದ್ದಿತ್ತು. ಮಳೆಯ ಲೆಕ್ಕವನ್ನು ಕಾಫಿಗಾಗಿ ಇಟ್ಟಿದ್ದರು, ಅದರಿಂದ ಮಕ್ಕಳ ದಿನ ತೆಗೆಯಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ ಅಷ್ಟೆ.

ಬರೆಯುವುದರಲ್ಲಿ ಅವಳದು ಬಹಳ ಕಟ್ಟುನಿಟ್ಟು. ದಿನ ನಿಶ್ಚಯವಾದರೆ ಪಕ್ಕದಲ್ಲಿ 'ಖಾ', ಅಂದರೆ ಖಾತ್ರಿ. ಅಂದಾಜಾದರೆ 'ಸು', ಸುಮಾರು. ಮಗುವಿಗೆ ಒಳ್ಳೆಯದಾಗಲಿ ಅಂತ ಕೂಡ ಸುಮಾರನ್ನು ಖಾತ್ರಿ ಮಾಡಿದವಳಲ್ಲ. ಕೊನೆಯ ಕಾಲಂ ತಾಯಿಯ ಹೆಬ್ಬೆಟ್ಟಿಗೆ. ಕೂಲಿ ಪಡೆದದ್ದಕ್ಕೆ ಹೆಬ್ಬೆಟ್ಟು ಒತ್ತಿ ಅಭ್ಯಾಸವಿದ್ದ ಆ ಹೆಂಗಸರಿಗೆ, ಇದು ನಾನು ಹೇಳಿದ ಮಾತು, ಇದು ನನ್ನ ಮಗು ಅಂತ ಒತ್ತುವ ಹೆಬ್ಬೆಟ್ಟು ಹೊಸದು. ಹಲವರು ಸೆರಗಿನಲ್ಲಿ ಬೆರಳು ಚೆನ್ನಾಗಿ ಒರೆಸಿಕೊಂಡು ಬರುತ್ತಿದ್ದರಂತೆ.

ಇಷ್ಟೆಲ್ಲ ಯಾಕೆ ಬೇಕಿತ್ತು ಅನ್ನುವುದು ಶಾಲೆಯ ಬಾಗಿಲಲ್ಲಿ ಗೊತ್ತಾಗುತ್ತಿತ್ತು. ಹುಟ್ಟಿದ ದಿನದ ಪುರಾವೆಯಿಲ್ಲದ ಮಗು ಬಂದರೆ ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ಒಂದನೇ ಕ್ಲಾಸು. ಹುಟ್ಟಿದ ದಿನದ ಜಾಗಕ್ಕೆ ಜೂನ್ 1. ಕರ್ನಾಟಕದಲ್ಲಿ ನನ್ನ ತಂದೆಯ ವಯಸ್ಸಿನವರನ್ನು ಕೇಳಿ ನೋಡಿ, ಎಷ್ಟು ಜನ ಜೂನ್ 1ಕ್ಕೆ ಹುಟ್ಟಿದವರು ಸಿಗುತ್ತಾರೆ! ಮೇಷ್ಟ್ರನ್ನು ದೂರಿ ಫಲವಿಲ್ಲ, ಅವರಿಗೂ ಕಾಲಂ ತುಂಬಬೇಕಿತ್ತು. ಆದರೆ ಹಾಡಿಯ, ಅಂದರೆ ಬುಡಕಟ್ಟಿನವರ ಕೇರಿಯ, ಮಕ್ಕಳು ಗಿಡ್ಡ. ಹೊಟ್ಟೆಯಲ್ಲಿ ಹುಳು, ಮೈಯಲ್ಲಿ ರಕ್ತವಿಲ್ಲ. ಏಳು ತುಂಬಿದರೂ ಕೈ ಕಿವಿಗೆ ಎಟುಕುತ್ತಿರಲಿಲ್ಲ. "ಇನ್ನೊಂದು ವರ್ಷ ಬಿಟ್ಟು ಬಾ" ಅನ್ನುವರು. ಆ ಒಂದು ವರ್ಷ ತೋಟದಲ್ಲಿ ಕಳೆದರೆ ಮುಗಿಯಿತು, ಆ ಮಗು ಮತ್ತೆ ಶಾಲೆಯ ಕಡೆ ತಲೆ ಹಾಕುತ್ತಿರಲಿಲ್ಲ.

ಹಾಗೆ ವಾಪಸು ಕಳಿಸಿದ ಒಬ್ಬ ಎರವರ ಹುಡುಗಿಯನ್ನು ಅಜ್ಜಿ ಮಾರನೆಯ ದಿನ ಮಳೆಯಲ್ಲಿ ಗೊರಬಿನ ಕೆಳಗೆ ಕರೆದುಕೊಂಡು ಮತ್ತೆ ಹೋದಳು. ಒಂದು ಬಗಲಲ್ಲಿ ಚೆಕ್‌ರೋಲ್, ಇನ್ನೊಂದರಲ್ಲಿ ಎಸ್ಟೇಟಿನ ಮಳೆಪುಸ್ತಕ. ಅದನ್ನು ಆಫೀಸಿನಿಂದ ಹೊರಗೆ ಒಯ್ಯುವಂತಿರಲಿಲ್ಲ, ಅಜ್ಜ ಹೆದರಿ ಹೋಗಿದ್ದರು. ಮುಖ್ಯೋಪಾಧ್ಯಾಯರು ಎರಡನ್ನೂ ತಿರುವಿ ನೋಡಿ, ಇದು ಸರ್ಕಾರಿ ದಾಖಲೆ ಅಲ್ಲವಲ್ಲಮ್ಮ ಅಂದರಂತೆ. ಅಜ್ಜಿ ಹೇಳಿದ್ದನ್ನು ಅಜ್ಜ ಸಾಯುವವರೆಗೆ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು: "ಜೂನ್ 1ಕ್ಕೆ ಯಾವ ಸರ್ಕಾರಿ ದಾಖಲೆ ಇದೆ ಸ್ವಾಮಿ?" ಹುಡುಗಿಗೆ ಸೀಟು ಸಿಕ್ಕಿತು.

ಭಾಷೆಯ ವಿಷಯ ಹೇಳಲೇಬೇಕು. ಎರವರ ಮಾತು ಮಲಯಾಳಕ್ಕೆ ಹತ್ತಿರ, ಕನ್ನಡಕ್ಕೆ ದೂರ. ಮನೆಯಲ್ಲಿ ಒಂದು ಭಾಷೆ ಕೇಳಿ ಬೆಳೆದ ಮಗು ಶಾಲೆಯ ಬೆಂಚಿನಲ್ಲಿ ಕೂತಾಗ ಮೇಷ್ಟ್ರ ಬಾಯಿ ಅಲುಗುವುದು ಕಾಣುತ್ತದೆ, ಮಾತು ತಲೆಗೆ ಹೋಗುವುದಿಲ್ಲ. ಸುಮ್ಮನೆ ಕೂತ ಮಗುವನ್ನು ದಡ್ಡ ಅಂದುಬಿಡುತ್ತಾರೆ. ಅಜ್ಜಿ ಆ ಹೆಂಗಸರ ಹತ್ತಿರ ಕೂತು ಅವರ ಮಾತು ಕಲಿತಳು. ಹಸಿವು, ನೋವು, ಹೆದರಿಕೆ, ಅಮ್ಮ ಬರುತ್ತಾಳೆ, ಇಷ್ಟು ಮೊದಲು. ಶಿಶುವಿಹಾರದಲ್ಲಿ ಬೆಳಿಗ್ಗೆ ಅವರ ಭಾಷೆಯಲ್ಲಿ ಶುರು ಮಾಡಿ, ಮಧ್ಯಾಹ್ನದ ಹೊತ್ತಿಗೆ ಅದೇ ಮಾತನ್ನು ಕನ್ನಡದಲ್ಲಿ ಹೇಳುವಳು. ಯಾರೂ ಕಲಿಸಿಕೊಟ್ಟ ಪಾಠಕ್ರಮವಲ್ಲ. ಕಂಕುಳಲ್ಲಿ ಮಗು ಇಟ್ಟುಕೊಂಡು ಕಂಡುಕೊಂಡದ್ದು.

ನನಗೆ ಬಹಳ ವರ್ಷ ಅರ್ಥವಾಗದ ಒಂದು ಮಾತನ್ನು ಅವಳು ಆಗಾಗ ಹೇಳುತ್ತಿದ್ದಳು. "ಒಂದು ತೊಟ್ಟಿಲು ಕಟ್ಟಿದ್ರೆ ಎರಡು ಮಕ್ಕಳು." ತೊಟ್ಟಿಲಿಗೆ ಒಂದೇ ಮಗು ತಾನೆ ಅಂದುಕೊಂಡಿದ್ದೆ. ಪದವಿ ಓದುವಾಗ ಒಂದು ಡಿಸೆಂಬರಿನಲ್ಲಿ ಕೊಯ್ಲಿನ ಹೊತ್ತಿಗೆ ಮನೆಯಲ್ಲಿದ್ದೆ, ಆಗ ತಿಳಿಯಿತು. ಕೊಯ್ಲಿನ ಕಾಲದಲ್ಲಿ ಹಣ್ಣಿನ ತೂಕಕ್ಕೆ ದುಡ್ಡು. ತಾಯಿಯ ಎರಡೂ ಕೈ ಗಿಡದ ಮೇಲಿರಬೇಕು. ಕೂಸನ್ನು ಯಾರು ನೋಡಿಕೊಳ್ಳಬೇಕು? ಎಂಟು ವರ್ಷದ ಅಕ್ಕ. ಸಿಲ್ವರ್ ಓಕಿಗೂ ಹಾಲುವಾಣಕ್ಕೂ ಸೀರೆ ಕಟ್ಟಿ ತೂಗುವವಳು ಅವಳೇ, ಕೂಸು ಮಲಗಿದಾಗ ನೆಲಕ್ಕೆ ಬಿದ್ದ ಹಣ್ಣು ಆರಿಸಿ ಅಮ್ಮನ ಚೀಲಕ್ಕೆ ಹಾಕುವವಳೂ ಅವಳೇ. ಶಾಲೆಯ ಹಾಜರಿಯಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಯಾರ ಹೆಸರಿನ ಮುಂದೆ ಖಾಲಿ ಇದೆಯೋ ಅವಳ ಮನೆಯಲ್ಲಿ ಒಂದು ಕೈಗೂಸು ಇದೆ ಅಂತ ಲೆಕ್ಕ. ಆ ಕೂಸನ್ನು ಅಜ್ಜಿ ತನ್ನ ತೊಟ್ಟಿಲಿಗೆ ಹಾಕಿಕೊಂಡರೆ ಅಕ್ಕ ಶಾಲೆಗೆ ಹೋಗುತ್ತಾಳೆ. ಶಿಶುವಿಹಾರ ಕೂಸುಗಳಿಗೆ ಅಂತ ಎಲ್ಲರೂ ತಿಳಿದಿದ್ದರು. ಅಜ್ಜಿಗೆ ಅದು ಅಕ್ಕಂದಿರಿಗೂ ಆಗಿತ್ತು.

ಅದಕ್ಕೇ ಅವಳು ಪಕ್ಕದ ಸಣ್ಣ ತೋಟಗಳ ಕೂಸುಗಳನ್ನೂ ಸೇರಿಸಿಕೊಂಡಳು. ಐವತ್ತು ಹೆಣ್ಣಾಳು ಇಲ್ಲದ ತೋಟಕ್ಕೆ ಆಗಿನ ಕಾಯಿದೆಯಲ್ಲಿ ಶಿಶುವಿಹಾರದ ಕಟ್ಟುಪಾಡಿರಲಿಲ್ಲ. ಅಲ್ಲಿನ ಮಕ್ಕಳ ಅಳು ಕಡಿಮೆಯೇನೂ ಇರಲಿಲ್ಲ. ಬೇರೆ ತೋಟದ ಮಕ್ಕಳಿಗೆ ನಮ್ಮ ಹಾಲಿನ ಪುಡಿಯೇ ಅಂತ ಮ್ಯಾನೇಜರೊಬ್ಬರು ಆಕ್ಷೇಪಿಸಿದರು. ಹಾಲಿನ ಪುಡಿ ನಿಮ್ಮವರಿಗೆ, ಅವರಿಗೆ ನಮ್ಮ ಮನೆಯ ರಾಗಿ ಗಂಜಿ ಅಂದಳು. ಹಾಗೆ ಎರಡು ಪಾತ್ರೆ ಇಟ್ಟಳೂ ಕೂಡ. ಒಂದು ವಾರದಲ್ಲಿ ಎಲ್ಲ ಮಕ್ಕಳೂ ಗಂಜಿಯನ್ನೇ ಕೇಳತೊಡಗಿದರು ಅನ್ನುವಾಗ ಅವಳ ಮುಖ ಅರಳುತ್ತಿತ್ತು.

ಪುಸ್ತಕದಲ್ಲಿ ಇನ್ನೊಂದು ಬಗೆಯ ಸಾಲುಗಳಿವೆ. ಓದುವುದು ನನಗೆ ಕಷ್ಟ. ಹೆಸರಿನ ಜಾಗದಲ್ಲಿ ಬರೀ 'ಹೆಣ್ಣು' ಅಥವಾ 'ಗಂಡು', ಹುಟ್ಟಿದ ದಿನ, ಪಕ್ಕದಲ್ಲಿ 'ಮೂರು ದಿನ' ಅಥವಾ 'ಹನ್ನೊಂದು ದಿನ', ಕೆಳಗೆ ಆ ದಿನದ ಮಳೆ ಎಷ್ಟು ಇಂಚು ಅಂತ. ಹೆಸರಿಡುವ ಮೊದಲೇ ಹೋದ ಮಕ್ಕಳು. ಅವರಿಗೂ ತಾಯಿಯ ಹೆಬ್ಬೆಟ್ಟು ಹಾಕಿಸಿದ್ದಾಳೆ. ಮಳೆಗಾಲದ ತಿಂಗಳುಗಳಲ್ಲಿ ಇಂಥ ಸಾಲು ಹೆಚ್ಚು. ವಾಂತಿಭೇದಿ. ಆರೇಳು ಮೈಲಿ ಕೆಸರಿನ ದಾರಿ, ಮೈತುಂಬ ಜಿಗಣೆ, ತುಂಬಿದ ತೋಡು. ಆಸ್ಪತ್ರೆ ಮುಟ್ಟುವ ಮೊದಲೇ ಮಗುವಿನ ಕಣ್ಣು ಒಳಗೆ ಹೋಗಿರುತ್ತಿತ್ತು.

ಎಂಬತ್ತರ ದಶಕದಲ್ಲಿ ಒಬ್ಬ ನರ್ಸಮ್ಮ ಉಪ್ಪು ಸಕ್ಕರೆ ನೀರು ಹೇಳಿಕೊಟ್ಟರು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಲೈನಿನಲ್ಲಿ ಲೀಟರ್ ಅಳತೆ ಯಾರ ಹತ್ತಿರ ಇರುತ್ತದೆ? ಇದ್ದದ್ದು ಖಾಲಿ ಬ್ರಾಂದಿ ಬಾಟಲಿ, 750 ಮಿಲಿಯದು. ಅಜ್ಜಿ ಬಾಟಲಿಗಳನ್ನು ಸೋಡಾಪುಡಿ ಹಾಕಿ ಕುದಿಸಿ ತೊಳೆದು, ಮೂರು ಭಾಗ ಮಾಡಿ ಬಣ್ಣದಲ್ಲಿ ಗೀಟು ಎಳೆದು, ಮನೆಗೊಂದು ಕೊಟ್ಟಳು. ಒಂದು ಪೂರ್ತಿ ಬಾಟಲಿ, ಮತ್ತೆ ಒಂದು ಗೀಟಿನವರೆಗೆ. ಲೀಟರ್ ಆಯಿತು. ಮಗು ವಾಂತಿ ಮಾಡಿದರೂ ಹತ್ತು ನಿಮಿಷ ತಡೆದು ಮತ್ತೆ ಚಮಚ ಚಮಚವಾಗಿ ಕುಡಿಸಬೇಕು, ಎದೆಹಾಲು ನಿಲ್ಲಿಸಬಾರದು ಅಂತ ಮನೆಮನೆಗೆ ಹೇಳಿದಳು. ಅದರ ನಂತರದ ಪುಸ್ತಕಗಳಲ್ಲಿ ಕಕ್ಕಡದ ಪುಟ ತಿರುವಿದರೆ ಉಸಿರು ಸ್ವಲ್ಪ ಸಲೀಸಾಗುತ್ತದೆ. ಆ ಬಾಟಲಿಯೊಂದು ನನ್ನ ಅಡುಗೆಮನೆಯಲ್ಲಿದೆ, ಗೀಟಿನ ಹಸಿರು ಬಣ್ಣ ಇನ್ನೂ ಪೂರ್ತಿ ಹೋಗಿಲ್ಲ.

1995ರ ಡಿಸೆಂಬರಿನಲ್ಲಿ ಪಲ್ಸ್ ಪೋಲಿಯೊ ಶುರುವಾದಾಗ ಮೊದಲ ವರ್ಷ ಮೂರು ವರ್ಷದೊಳಗಿನ ಮಕ್ಕಳಿಗೆ ಹನಿ ಹಾಕುವುದಿತ್ತು. ಯಾರಿಗೆ ಮೂರು ತುಂಬಿದೆ, ಯಾರಿಗೆ ಇಲ್ಲ ಅಂತ ಬೇರೆಡೆ ಗೊಂದಲವಾದರೆ ನಮ್ಮಲ್ಲಿ ಅಜ್ಜಿ ಪುಸ್ತಕ ಬಿಡಿಸಿಕೊಂಡು ಹೆಸರು ಕೂಗುತ್ತಿದ್ದಳು. ಅಷ್ಟರಲ್ಲಿ ಅವಳ ಶಿಶುವಿಹಾರದ ಕೆಲಸ ಮುಗಿಯುತ್ತ ಬಂದಿತ್ತು. ಪುಸ್ತಕದ ಕೆಲಸ ಮುಗಿಯಲಿಲ್ಲ.

ನನ್ನ ಅಪ್ಪನಿಗೆ ಈ ಪುಸ್ತಕಗಳೆಂದರೆ ಅಷ್ಟಕ್ಕಷ್ಟೆ. ಅದನ್ನು ಮುಚ್ಚಿಟ್ಟು ಬರೆದರೆ ಅಜ್ಜಿಗೂ ಅಪ್ಪನಿಗೂ ಅನ್ಯಾಯ ಮಾಡಿದ ಹಾಗೆ. ತಾಯಿಯ ತೊಡೆ ಖಾಲಿ ಇದ್ದದ್ದನ್ನು ತಾನು ನೋಡಿಯೇ ಇಲ್ಲ, ಯಾವಾಗಲೂ ಅಲ್ಲಿ ಇನ್ನೊಂದು ಮಗು ಇರುತ್ತಿತ್ತು ಅನ್ನುತ್ತಾರೆ. ಜ್ವರ ಬಂದು ಮಲಗಿದ್ದ ಒಂದು ರಾತ್ರಿ ಲೈನಿನಿಂದ ಕೂಗು ಬಂತೆಂದು ಎದ್ದು ಹೋದವಳು ಬೆಳಗಿನವರೆಗೆ ಬರಲಿಲ್ಲ. ಆಗ ಅಪ್ಪನಿಗೆ ಆರು ವರ್ಷ. ಅರವತ್ತು ದಾಟಿದ ಮೇಲೂ ಅದನ್ನು ಹೇಳುವಾಗ ಅವರ ದನಿ ಸಣ್ಣಗಾಗುತ್ತದೆ. ಅಜ್ಜಿಗೆ ಇದು ಗೊತ್ತಿತ್ತು. ಕೊನೆಯ ವರ್ಷಗಳಲ್ಲಿ ಅಪ್ಪನ ಊಟದ ತಟ್ಟೆ ತಾನೇ ಹಾಕಬೇಕೆಂದು ಹಟ ಹಿಡಿಯುತ್ತಿದ್ದಳು, ಕೈ ನಡುಗಿ ಸಾರು ಚೆಲ್ಲಿದರೂ ಸರಿ. ಅಪ್ಪನ ಹುಟ್ಟಿದ ದಿನ ಎಲ್ಲಿ ಬರೆದಿದ್ದಾಳೆಂದು ಹುಡುಕಿದ್ದೇನೆ. ಬೇರೆ ಪುಟವಿಲ್ಲ. ಲೈನ್ ಮಕ್ಕಳ ನಡುವೆ, ಆ ತಿಂಗಳ ನಾಲ್ಕನೆಯ ಸಾಲು. ಕೊನೆಯ ಕಾಲಮ್ಮಿನಲ್ಲಿ ಸಹಿ ಮಾಡಲು ಬರುತ್ತಿದ್ದ ಅವಳು ಹೆಬ್ಬೆಟ್ಟನ್ನೇ ಒತ್ತಿದ್ದಾಳೆ.

2018ರ ಆಗಸ್ಟ್ ನೆನಪಿಲ್ಲದ ಕೊಡಗಿನವರಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ, ಮುಕ್ಕೋಡ್ಲು, ಜೋಡುಪಾಲ. ಗುಡ್ಡ ನಿಂತಲ್ಲಿಂದ ಕುಸಿದು ಮನೆ, ತೋಟ, ರಸ್ತೆ ಎಲ್ಲ ಒಂದೇ ಕೆಸರಾಯಿತು. ಶಾಲೆ, ಕಲ್ಯಾಣ ಮಂಟಪಗಳೆಲ್ಲ ನಿರಾಶ್ರಿತರ ಶಿಬಿರ. ಅಜ್ಜಿಗೆ ಎಪ್ಪತ್ತೇಳು. ಕರೆದುಕೊಂಡು ಹೋಗು ಅಂತ ಕೂತಳು, ಕರೆದುಕೊಂಡು ಹೋದೆ. ಎಲ್ಲರೂ ಬಟ್ಟೆ, ಅಕ್ಕಿ, ಚಾಪೆ ಹಂಚುತ್ತಿದ್ದರು. ಇವಳು ಒಂದು ಮೂಲೆಯಲ್ಲಿ ಗೋಡೆಗೆ ಒರಗಿ ಕೂತು, ನೋಟ್‌ಬುಕ್ ತೊಡೆಯ ಮೇಲಿಟ್ಟು, ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಬರೆದುಕೊಳ್ಳತೊಡಗಿದಳು. ಹೆಸರು, ಅಪ್ಪ ಅಮ್ಮನ ಹೆಸರು, ಯಾವ ಊರು, ಯಾವ ಕ್ಲಾಸು, ಹುಟ್ಟಿದ ದಿನ. ಆಗ ನನಗೆ ಸ್ವಲ್ಪ ಮುಜುಗರವೇ ಆಯಿತು, ಈ ಹೊತ್ತಿನಲ್ಲಿ ಇದೆಂಥದು ಅಂತ. ಸಂಜೆಯ ಹೊತ್ತಿಗೆ ಅವಳ ಸುತ್ತ ತಾಯಂದಿರು ಸೇರಿದ್ದರು. ರೇಷನ್ ಕಾರ್ಡ್, ಅಂಕಪಟ್ಟಿ, ಜನನ ಪ್ರಮಾಣಪತ್ರ ಎಲ್ಲ ಮಣ್ಣಿನಡಿ ಹೋಗಿತ್ತು. ಒಬ್ಬ ಹುಡುಗ ಎರಡು ದಿನದಿಂದ ಬಾಯಿ ಬಿಟ್ಟಿರಲಿಲ್ಲವಂತೆ. ಅವನನ್ನು ಏನೂ ಕೇಳದೆ ಪೆನ್ನು ಕೈಗೆ ಕೊಟ್ಟು, ನಿನ್ನ ಸಾಲು ನೀನೇ ಬರಿ ಅಂದಳು. ಬರೆದ. ಬರೆಯುತ್ತ ಬರೆಯುತ್ತ ಅಳತೊಡಗಿದ. ಅವಳು ಪುಸ್ತಕ ಒದ್ದೆಯಾಗದಂತೆ ಮೆಲ್ಲಗೆ ಸರಿಸಿ ಅವನನ್ನು ಮಡಿಲಿಗೆ ಎಳೆದುಕೊಂಡಳು.

ಈಗ ನಮ್ಮ ಸುತ್ತಿನ ಲೈನ್ ಮನೆಗಳಲ್ಲಿ ತಮಿಳು, ತುಳು ಕೇಳುವುದು ಕಡಿಮೆ. ಅಸ್ಸಾಮಿನಿಂದ, ಬಂಗಾಳದಿಂದ ಬಂದವರ ಮಾತು ಹೆಚ್ಚು. ಒಂದು ಸೀಸನ್ ಇಲ್ಲಿ, ಇನ್ನೊಂದು ಸೀಸನ್ ಸಿದ್ದಾಪುರದ ಕಡೆ, ಮತ್ತೊಂದು ಸಕಲೇಶಪುರದ ಕಡೆ. ಮಕ್ಕಳೂ ಜೊತೆಗೆ. 1969ರ ಜನನ ಮರಣ ನೋಂದಣಿ ಕಾಯಿದೆಯನ್ನು ಅನುಸರಿಸಿ 21 ದಿನದೊಳಗೆ ನೋಂದಾಯಿಸಬೇಕು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಕೊಯ್ಲಿನ ನಡುವೆ ಯಾವ ತಾಯಿ ಕಚೇರಿ ಸುತ್ತುತ್ತಾಳೆ? 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗಂತೂ ಶಾಲೆಗೆ ಸೇರಲು, ಮುಂದೆ ಮತದಾರರ ಪಟ್ಟಿಗೆ, ಡ್ರೈವಿಂಗ್ ಲೈಸೆನ್ಸಿಗೆ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ ಅಂತ ತಿದ್ದುಪಡಿ ಬಂದಿದೆ. ಕಾಗದವಿಲ್ಲದ ಮಗುವಿಗೆ ಇದು ಕಿವಿ ಮುಟ್ಟಿಸುವ ಪರೀಕ್ಷೆಗಿಂತ ಕಠಿಣ. ಇದನ್ನು ನೋಡಿ ನನಗೆ ನಿಜವಾಗಿ ಭಯವಾಗುತ್ತದೆ. ಅಜ್ಜಿಯ ಕೊನೆಯ ಪುಸ್ತಕದ ಕೊನೆಯ ಪುಟಗಳಲ್ಲಿ ಇವರ ಮಕ್ಕಳೇ ಇದ್ದಾರೆ. ನಡುಗುವ ಅಕ್ಷರದಲ್ಲಿ, 'ಬಿಹು ಕಳೆದು ನಾಲ್ಕನೇ ದಿನ' ಅಂತ ಬರೆದು, ಏಪ್ರಿಲಿನ ತಾರೀಕು ಹಾಕಿ, ಪಕ್ಕದಲ್ಲಿ 'ಸು'. ಎಂಬತ್ತರ ವಯಸ್ಸಿನಲ್ಲಿ ಅಸ್ಸಾಮಿನವರ ಬಿಹು ಹಬ್ಬ ಯಾವಾಗ ಬರುತ್ತದೆಂದು ಯಾರನ್ನೋ ಕೇಳಿ ತಿಳಿದುಕೊಂಡಿದ್ದಾಳೆ.

ಜಗುಲಿಯಲ್ಲಿ ಕೂತಿದ್ದ ಪಿಕಪ್ಪಿನವರ ಕಡೆಗೆ ಬರುತ್ತೇನೆ.

ಹೆಸರು, ತಾಯಿಯ ಹೆಸರು ಹೇಳಿದರು. ಆಧಾರಿನಲ್ಲಿ, ಲೈಸೆನ್ಸಿನಲ್ಲಿ ಎಲ್ಲ ಕಡೆ ಜೂನ್ 1, 1979. ಇನ್ನು ತಿದ್ದಿಸುವ ಆಸೆಯೇನೂ ಇಲ್ಲ ಅಂದರು. ಆರನೇ ಕ್ಲಾಸಿನ ಮಗಳು ಹೋದ ವರ್ಷ ಜೂನ್ 1ಕ್ಕೆ ಕೇಕ್ ತಂದಳಂತೆ. ಇವರು ತಡೆಯಲಾರದೆ, ಇದು ನನ್ನ ದಿನ ಅಲ್ಲ ಮಗಳೇ ಅಂದುಬಿಟ್ಟರು. ಹಾಗಾದರೆ ಯಾವುದು ಅಂದಳು. ಅಂದಿನಿಂದ ಬಿಡದೆ ಕೇಳುತ್ತಿದ್ದಾಳೆ. ಅಮ್ಮ ಇದ್ದಾಗ ಕೇಳಲಿಲ್ಲ, ಅವರು ಹೋಗಿ ಇಪ್ಪತ್ತು ವರ್ಷವಾಯಿತು. ಸೂರ್ಯನಿಗೆ ಏನೋ ಆದ ದಿನ ಅಂತ ಅಮ್ಮ ಹೇಳುತ್ತಿದ್ದ ನೆನಪು ಮಾತ್ರ ಇದೆ.

ನನಗೆ ಕೈ ನಡುಗಿತು. ಈ ಮಗುವಿನ ಕತೆ ನನಗೆ ಗೊತ್ತಿತ್ತು, ಅಜ್ಜಿ ಎಷ್ಟೋ ಸಲ ಹೇಳಿದ್ದಳು. ಅಂಕೋಲಾ, ರಾಯಚೂರು ಕಡೆಯೆಲ್ಲ ಮಧ್ಯಾಹ್ನವೇ ಪೂರ್ತಿ ಕತ್ತಲಾದ ಆ ಗ್ರಹಣ ನಮ್ಮಲ್ಲಿ ಪೂರ್ತಿಯಾಗಿರಲಿಲ್ಲ, ಆದರೂ ಬಿಸಿಲು ಮಂಕಾಗಿ ಹಕ್ಕಿಗಳು ಗೂಡಿಗೆ ತಿರುಗಿದ್ದವಂತೆ. ತೋಟದ ಕೆಲಸ ನಿಂತಿತ್ತು. ಬಸುರಿಯರು ಹೊರಗೆ ಕಾಲಿಡಬಾರದು, ಯಾರೂ ಏನೂ ಮುಟ್ಟಬಾರದು ಅಂತ ಎಲ್ಲರೂ ಬಾಗಿಲು ಹಾಕಿಕೊಂಡಿದ್ದರು. ಲೈನಿನ ಕೊನೆಯ ಕೋಣೆಯಲ್ಲಿ ಒಬ್ಬಳಿಗೆ ನೋವು ಶುರುವಾಗಿತ್ತು. ಹೆರಿಗೆ ಮಾಡಿಸುವ ಮುದುಕಿ ಗ್ರಹಣ ಬಿಡಲಿ ಅಂದಳು. ಅಜ್ಜಿಯ ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಸೂರ್ಯನಿಗೆ ಬಿಡುಗಡೆ ಆಗೋವರೆಗೆ ಅವಳು ಕಾಯೋಕಾಗುತ್ತಾ ಅತ್ತೆ" ಅಂತ ಹೇಳಿ, ಅವರ ಕಾಲು ಮುಟ್ಟಿ, ಪಕ್ಕದಿಂದ ನುಸುಳಿ ಓಡಿದಳಂತೆ. ಆ ಮಂಕು ಬೆಳಕಿನಲ್ಲಿ ಲೈನಿನವರೆಗೆ ಇಳಿಜಾರಿನಲ್ಲಿ ಓಡಿದ್ದನ್ನು ಅವಳು ಮುದುಕಿಯಾದ ಮೇಲೂ ಮೈ ಜುಮ್ಮೆನ್ನುವ ಹಾಗೆ ಹೇಳುತ್ತಿದ್ದಳು. ಮರದ ಎಲೆಗಳ ಸಂದಿಯಿಂದ ನೆಲದ ಮೇಲೆ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವಂತೆ.

ಪುಸ್ತಕ ಸಿಕ್ಕಿತು. 1980, ಫೆಬ್ರವರಿ. ಬೆರಳಿಟ್ಟು ಕೆಳಗೆ ಇಳಿದೆ. 16, ಶನಿವಾರ. ಗಂಡು. 'ಗ್ರಹಣ ಬಿಡುವ ಮೊದಲು. ಜೋರಾಗಿ ಅತ್ತಿತು. ಮಳೆ ಇಲ್ಲ.' ಪಕ್ಕದಲ್ಲಿ 'ಖಾ'.

ಅವರು ತಾರೀಕನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡರು. ಫೋಟೋ ತೆಗೆದುಕೊಳ್ಳಿ ಅಂದೆ. ಫೋನ್ ಹೊರಗೆ ತೆಗೆದರು. ಆಗ ಅವರ ಕಣ್ಣು ಸಾಲಿನ ಕೊನೆಗೆ ಹೋಯಿತು. ನೀಲಿ ಶಾಯಿ ಮಾಸಿ ಬೂದುಬಣ್ಣವಾಗಿತ್ತು, ಆದರೆ ಗೆರೆ ಎಲ್ಲ ಸ್ಪಷ್ಟ. ಬೆರಳಿಗೆ ಅಡ್ಡವಾಗಿ ಒಂದು ಗಾಯದ ಗುರುತು, ಕತ್ತಿ ತಾಗಿದ್ದಿರಬೇಕು.

"ಇದು ಅಮ್ಮಂದಾ?"

ಹೌದು ಅಂದೆ.

ಅಮ್ಮನ ಒಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ ಅಂದರು. ಆ ಗಾಯ ತನಗೆ ನೆನಪಿದೆ, ಅನ್ನ ಕಲಸಿ ತುತ್ತು ಕೊಡುವಾಗ ತುಟಿಗೆ ತಾಗುತ್ತಿತ್ತು ಅಂದರು. ಫೋನನ್ನು ಜೇಬಿಗೆ ಹಾಕಿಕೊಂಡರು. ಆ ಹೆಬ್ಬೆಟ್ಟಿನ ಮೇಲೆ ಕೈ ಇಡಲಿಲ್ಲ. ಬಗ್ಗಿ, ಬಹಳ ಹತ್ತಿರದಿಂದ, ಬಹಳ ಹೊತ್ತು ನೋಡಿದರು. ಒಳಗೆ ಹಾಲು ಉಕ್ಕುವ ವಾಸನೆ ಬಂತು, ನಾನು ಏಳಲಿಲ್ಲ.

"ಮಗಳನ್ನ ಕರ್ಕೊಂಡು ಬರ್ಲಾ ಅಕ್ಕ? ಫೆಬ್ರವರಿ ಹದಿನಾರು ಯಾವ ವಾರ ಬರುತ್ತೆ?"

ಗೋಡೆಯ ಕ್ಯಾಲೆಂಡರ್ ತಿರುವಿ ನೋಡಿದೆ. ಭಾನುವಾರ ಅಂದೆ. ಹಾಗಾದರೆ ಅವಳಿಗೆ ಶಾಲೆ ಇರಲ್ಲ ಅಂದರು, ಮತ್ತೆ ಕಾಫಿ ಕುಡಿಯಲು ಕೂತರು.